ವೈರ್ ಇಲ್ಲದ ಡ್ರಿಲ್ ಮನೆಯೊಳಗೆ ಬಂದಾಗ

ಚನ್ನಪಟ್ಟಣದ ಬೊಂಬೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಅದರ ಬಣ್ಣ ಮತ್ತು ಹೊಳಪು. ಆದರೆ ಆಟದ ಬಂಡಿಗೆ ಚಕ್ರ ಕೂರಬೇಕಾದರೆ, ಮಣಿಯೊಳಗೆ ದಾರ ಹೋಗಬೇಕಾದರೆ, ಬೊಂಬೆಯ ತಲೆ ಅಲ್ಲಾಡಬೇಕಾದರೆ ಮರದಲ್ಲಿ ಒಂದು ತೂತು ಬೀಳಲೇಬೇಕು. ಹಿಂದೆ ಈ ಕೆಲಸಕ್ಕೆ ಕೈಯಲ್ಲಿ ತಿರುಗಿಸುವ ಬೈರಿಗೆ ಇತ್ತು. ಈಗಲೂ ಕೆಲವು ತೂತುಗಳು ಲೇತಿನ ಮೇಲೆಯೇ ಆಗಿಬಿಡುತ್ತವೆ. ಉಳಿದ ಕೆಲಸಕ್ಕೆ, ಅಂದರೆ ಜೋಡಣೆಗೆ, ರಿಪೇರಿಗೆ, ಸ್ಕ್ರೂ ಬಿಗಿಯುವುದಕ್ಕೆ, ಬ್ಯಾಟರಿಯಿಂದ ಓಡುವ ಪುಟ್ಟ ಡ್ರಿಲ್ ಮಿಷನ್ ಬಂದಿದೆ. ಕಾರ್ಖಾನೆಯ ಮೂಲೆಯಲ್ಲಿರುತ್ತಿದ್ದ ಯಂತ್ರ ಹೀಗೆ ಅಡುಗೆಮನೆಯ ಪಕ್ಕದ ಕಪಾಟಿಗೆ ಬಂದು ಕೂತಿದೆ.

ಈ ಊರಿನ ಕಸುಬಿನ ಕತೆ ಅನೇಕರಿಗೆ ಗೊತ್ತಿರುವುದೇ. ಟಿಪ್ಪು ಸುಲ್ತಾನರು ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿನವರಿಗೆ ಕಲಿಸಿದರೆಂದು ಹೇಳುತ್ತಾರೆ. ಆಮೇಲೆ ಜಪಾನಿನ ವಿಧಾನವನ್ನು ಇಲ್ಲಿಗೆ ತಂದವರೆಂದು ಬಾವಾಸ್ ಮಿಯಾ ಅವರ ಹೆಸರನ್ನು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಹಾಲೆ ಮರದ ತುಂಡು, ಲೇತಿನ ಮೇಲೆ ಅದು ತಿರುಗುವಾಗ ಉಜ್ಜುವ ಬಣ್ಣದ ಅರಗು, ಹೊಳಪಿಗೆ ಎಲೆಯ ತಿಕ್ಕು, ಇಷ್ಟೇ ಅದರ ಬಂಡವಾಳ. 2005-06ರಲ್ಲಿ ಈ ಬೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಕಸುಬಿನ ಮನೆಗಳಲ್ಲಿ ಮುಸ್ಲಿಮ್ ಕುಟುಂಬಗಳು ಬಹಳ. ಬಣ್ಣ, ಜೋಡಣೆ, ಮಣಿ ಪೋಣಿಸುವುದು ಇವುಗಳಲ್ಲಿ ಮನೆಯ ಹೆಂಗಸರ ಕೈ ಇದ್ದೇ ಇರುತ್ತದೆ.

ಬೊಂಬೆಯ ಊರಿಗೆ ಮಾತ್ರ ಇದು ಸೀಮಿತವಲ್ಲ. ರಾಮನಗರ, ಕನಕಪುರ, ಮಾಗಡಿ ಎಲ್ಲೇ ನೋಡಿ, ಮರಗೆಲಸದವರು, ಅಲ್ಯೂಮಿನಿಯಂ ಕಿಟಕಿ ಮಾಡುವವರು, ಎಲೆಕ್ಟ್ರಿಷಿಯನ್‌ಗಳು ನಮ್ಮ ಮನೆಗಳಲ್ಲೇ ಇದ್ದಾರೆ. ಅವರು ಸಂಜೆ ಮನೆಗೆ ಬಂದಾಗ ಚೀಲದೊಂದಿಗೆ ಡ್ರಿಲ್ಲೂ ಬರುತ್ತದೆ. ಮರುದಿನ ಪರದೆಯ ರಾಡ್ ಬಿದ್ದರೆ ಅದನ್ನು ಕೈಗೆತ್ತಿಕೊಳ್ಳುವವರು ಮನೆಯೊಡತಿ, ಇಲ್ಲವೇ ಹೈಸ್ಕೂಲಿಗೆ ಹೋಗುವ ಮಗ.

"ಆಪಾ, ಇದಕ್ಕೆ ವೈರೇ ಇಲ್ಲವಲ್ಲ, ಏನಾಗುತ್ತೆ?" ಎಂಬ ಮಾತನ್ನು ನಾನು ಹಲವು ಮನೆಗಳಲ್ಲಿ ಕೇಳಿದ್ದೇನೆ. ವೈರ್ ಇಲ್ಲ ಎಂದರೆ ಅಪಾಯವೂ ಇಲ್ಲ ಎಂಬ ಈ ಭಾವನೆಯೇ ಈ ಬರಹಕ್ಕೆ ಕಾರಣ. ದೊಡ್ಡ ಲೇತಿನ ಮುಂದೆ ಕೂತವರು ಹೆದರಿ ಹುಷಾರಾಗಿರುತ್ತಾರೆ. ಇದು ಆಟದ ಪಿಸ್ತೂಲಿನಂತೆ ಕಾಣುವುದರಿಂದ ಯಾರೂ ಹೆದರುವುದಿಲ್ಲ.

ಗುಂಡಿ ಒತ್ತಿದರೆ ತಿರುಗುವ, ಪಿಸ್ತೂಲಿನ ಹಿಡಿಯಂಥ ಹಿಡಿಯಿರುವ ಡ್ರಿಲ್ಲಿಗೆ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಕಂಪೆನಿ 1917ರಲ್ಲಿ ಪೇಟೆಂಟ್ ಪಡೆಯಿತು. ಅದೇ ಕಂಪೆನಿ 1961ರಲ್ಲಿ ಬ್ಯಾಟರಿ ಡ್ರಿಲ್ಲನ್ನು ಮಾರುಕಟ್ಟೆಗೆ ತಂದಿತು. ಆಗಿನ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಗೆ ಅಷ್ಟು ಬಲವಿರಲಿಲ್ಲ. ಲಿಥಿಯಂ ಬ್ಯಾಟರಿ ಬಂದ ಮೇಲೆ ಬ್ಯಾಟರಿ ಡ್ರಿಲ್ಲುಗಳು ವೈರಿನ ಡ್ರಿಲ್ಲಿಗೆ ಸರಿಸಮ ನಿಲ್ಲುವ ಮಟ್ಟಕ್ಕೆ ಬಂದವು. ಅಂದರೆ ಇಂದು ನಮ್ಮ ಕಪಾಟಿನಲ್ಲಿರುವುದು ಮಣಿಕಟ್ಟನ್ನು ತಿರುಚಬಲ್ಲ ಶಕ್ತಿಯ ಯಂತ್ರ.

ದುಪಟ್ಟಾ ಮತ್ತು ಒಂದು ಸೆಕೆಂಡಿನ ಲೆಕ್ಕ

ಒಂದು ಸಣ್ಣ ಲೆಕ್ಕ ಹಾಕೋಣ. ಮನೆಬಳಕೆಯ ಡ್ರಿಲ್ ವೇಗದ ಗೇರಿನಲ್ಲಿ ನಿಮಿಷಕ್ಕೆ ಸುಮಾರು 1400 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 23 ಸುತ್ತು. ಬಿಟ್ ಹಿಡಿದುಕೊಳ್ಳುವ ಮುಂಭಾಗಕ್ಕೆ ಚಕ್ ಎನ್ನುತ್ತಾರೆ. ಅದರ ಅಡ್ಡಳತೆ ನಾಲ್ಕು ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅದರ ಸುತ್ತಳತೆ ಹನ್ನೆರಡೂವರೆ ಸೆಂಟಿಮೀಟರ್. 23 ಸುತ್ತಿಗೆ ಅದು ಸುತ್ತಿಕೊಳ್ಳುವ ಬಟ್ಟೆ ಸುಮಾರು 2.9 ಮೀಟರ್. ನಮ್ಮ ದುಪಟ್ಟಾದ ಉದ್ದ ಎರಡೂವರೆ ಮೀಟರ್! ತುದಿ ಸಿಕ್ಕಿಕೊಂಡಿತೆಂದು ಗೊತ್ತಾಗಿ ಬೆರಳು ಸಡಿಲವಾಗುವ ಮೊದಲೇ ಕತ್ತಿನ ಸುತ್ತಲಿನ ಬಟ್ಟೆ ಬಿಗಿದಿರುತ್ತದೆ. ಕೂದಲಿಗೂ ಇದೇ ಲೆಕ್ಕ. ಸಿಕ್ಕಿಕೊಂಡ ಜಡೆ ನೆತ್ತಿಯ ಚರ್ಮವನ್ನೇ ಎಳೆದುಕೊಂಡು ಬರುತ್ತದೆ.

ಹಾಗೆಂದು ಮೈಮುಚ್ಚುವ ಉಡುಪಿನವರು ಈ ಕೆಲಸ ಮಾಡಬಾರದು ಎಂದೇನೂ ಇಲ್ಲ. ಬೇಕಾಗಿರುವುದು ಜೋಲುವ ತುದಿ ಇಲ್ಲದ ಉಡುಪು. ತಲೆಗೆ ಮೈಗಂಟುವ ಒಳಟೋಪಿ ಅಥವಾ ಹೊಲಿದ ಸ್ಕಾರ್ಫ್ ಸಾಕು, ಸುತ್ತುವ ಸ್ಕಾರ್ಫ್ ಆದರೆ ಅದರ ತುದಿಗಳನ್ನು ಕುಪ್ಪಸದೊಳಗೆ ಸೇರಿಸಿ ಪಿನ್ ಹಾಕಬೇಕು. ಬುರ್ಖಾದ ಅಗಲ ತೋಳಿನ ಬದಲು ಮಣಿಕಟ್ಟಿನಲ್ಲಿ ಎಲಾಸ್ಟಿಕ್ ಇರುವ ತೋಳು ಒಳ್ಳೆಯದು. ಸೀರೆ ಉಟ್ಟವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೇಲೆ ಹಿಂದೆ ಗಂಟು ಹಾಕುವ ಏಪ್ರನ್ ತೊಟ್ಟರೆ ಎಲ್ಲವೂ ಒಳಗೇ ನಿಲ್ಲುತ್ತದೆ. ಬಳೆ, ಉಂಗುರ, ಕತ್ತಿನ ಸರ ತೆಗೆದಿಡಿ. ಗಂಡಸರಿಗೂ ಇದು ಅನ್ವಯಿಸುತ್ತದೆ. ಜುಬ್ಬಾದ ತೋಳು, ಹೆಗಲ ಮೇಲಿನ ಟವೆಲ್, ಕೈಗೆ ಕಟ್ಟಿದ ದಾರ ಎಲ್ಲವೂ ಒಂದೇ.

ಹೆಚ್ಚಿನವರು ತಿಳಿದಿರುವುದಕ್ಕೆ ವಿರುದ್ಧವಾದ ಮಾತೊಂದಿದೆ. ಕೈಗೆ ಗ್ಲೌಸ್ ಹಾಕಿಕೊಂಡರೆ ರಕ್ಷಣೆ ಎಂದು ನಾವು ಭಾವಿಸುತ್ತೇವೆ. ತಿರುಗುವ ಯಂತ್ರದ ಹತ್ತಿರ ನೂಲಿನ ಸಡಿಲ ಗ್ಲೌಸ್ ಅಪಾಯ. ಅದರ ಒಂದು ಎಳೆ ಬಿಟ್ಟಿಗೆ ಸಿಕ್ಕಿದರೆ ಬೆರಳೂ ಅದರ ಜೊತೆ ಹೋಗುತ್ತದೆ. ಬರಿಗೈಯೇ ಮೇಲು.

ಅಂಗೈ ಬೊಂಬೆಯ ಬೆಂಚಲ್ಲ

ಬೊಂಬೆ ಕೆಲಸದಲ್ಲಿ ದುಪಟ್ಟಾಕ್ಕಿಂತಲೂ ಹತ್ತಿರದ ಅಪಾಯ ಇನ್ನೊಂದಿದೆ. ತುಂಡು ಚಿಕ್ಕದು, ಹಾಗಾಗಿ ಅದನ್ನು ಎಡ ಅಂಗೈಯಲ್ಲೋ ಮಂಡಿಯ ಮೇಲೋ ಇಟ್ಟುಕೊಂಡು ಬಲಗೈಯಲ್ಲಿ ಡ್ರಿಲ್ ಒತ್ತುವ ಅಭ್ಯಾಸ. ಹಾಲೆ ಮರ ಮೃದು. ಬಿಟ್ ಮರದ ಆಚೆ ಬದಿಗೆ ಹೊರಡುವಾಗ ಪ್ರತಿರೋಧ ತಟ್ಟನೆ ಇಲ್ಲವಾಗುತ್ತದೆ, ನಾವು ಒತ್ತುತ್ತಿದ್ದ ಬಲವೆಲ್ಲ ಅಂಗೈಗೆ ಇಳಿಯುತ್ತದೆ. ಬೆರಳನ್ನು ಮಡಿಸುವ ನರ, ಸ್ನಾಯುರಜ್ಜು ಎಲ್ಲ ಅಂಗೈಯಲ್ಲಿ ಚರ್ಮದ ಕೆಳಗೇ ಇರುವುದು. ಪೀಸ್ ಲೆಕ್ಕದಲ್ಲಿ ದುಡಿಯುವ ಹೆಂಗಸಿಗೆ ಗಾಯವಾದ ದಿನಗಳ ಕೂಲಿ ಕೊಡುವವರು ಯಾರು? ಬೆರಳು ಮಡಚದೆ ಹೋದರೆ ಆಕೆಗೆ ಮಣಿ ಪೋಣಿಸುವುದೂ ಆಗದು, ರೊಟ್ಟಿ ತಟ್ಟುವುದೂ ಆಗದು.

ಪರಿಹಾರ ದುಬಾರಿಯದಲ್ಲ. ಮೇಜಿಗೆ ಬಿಗಿಯುವ ಚಿಕ್ಕ ವೈಸ್ ಅಥವಾ ಒಂದೆರಡು ಕ್ಲಾಂಪ್ ಸಾಕು. ಚಕ್ರ, ಮಣಿಯಂಥ ದುಂಡು ತುಂಡುಗಳು ವೈಸಿನಲ್ಲಿ ಜಾರುತ್ತವೆ, ಹೊಳಪೂ ಕೆಡುತ್ತದೆ ಎಂಬುದು ಕೆಲಸದವರ ದೂರು. ಅದು ನಿಜವೂ ಹೌದು. ಅದಕ್ಕೆ ಹಲಗೆಯ ತುಂಡೊಂದರಲ್ಲಿ ಚಕ್ರ ಸರಿಯಾಗಿ ಕೂರುವಷ್ಟು ಗುಳಿ ಮಾಡಿ, ಒಳಗೆ ಬಟ್ಟೆ ಅಂಟಿಸಿ, ಆ ಹಲಗೆಯನ್ನೇ ಮೇಜಿಗೆ ಬಿಗಿಯಬಹುದು. ಒಂದೇ ಅಳತೆಯ ನೂರು ಚಕ್ರಕ್ಕೆ ಒಂದೇ ಹಲಗೆ ಸಾಕು, ಕೆಲಸವೂ ಬೇಗ ಆಗುತ್ತದೆ. ತುಂಡಿನ ಅಡಿಯಲ್ಲಿ ಬೇಡದ ಮರದ ಚೂರೊಂದನ್ನು ಇಟ್ಟರೆ ಹೊರಬರುವ ಬಿಟ್ ಅದರಲ್ಲಿ ಕಚ್ಚುತ್ತದೆ, ತೂತಿನ ಅಂಚೂ ಸೀಳುವುದಿಲ್ಲ.

ಬಿಟ್ ಮರದಲ್ಲಿ ಕಚ್ಚಿ ನಿಂತುಬಿಟ್ಟರೆ ಆಗುವುದೇ ಬೇರೆ. ಬಿಟ್ ನಿಂತರೂ ಮೋಟಾರ್ ನಿಲ್ಲುವುದಿಲ್ಲ, ಮಿಷನ್ನಿನ ಹಿಡಿಯೇ ತಿರುಗಿ ಮಣಿಕಟ್ಟನ್ನು ತಿರುಚುತ್ತದೆ. ಚಕ್ಕಿನ ಹಿಂದೆ ಅಂಕಿಗಳಿರುವ ಬಳೆಯಂಥ ಭಾಗ ಇರುತ್ತದಲ್ಲ, ಅದು ಅಲಂಕಾರಕ್ಕಲ್ಲ. ಅದಕ್ಕೆ ಕ್ಲಚ್ ಎನ್ನುತ್ತಾರೆ. ಚಿಕ್ಕ ಅಂಕಿಗೆ ಇಟ್ಟರೆ ಬಿಗಿ ಹೆಚ್ಚಾದಾಗ ಟಕಟಕ ಎಂದು ಜಾರಿ ಕೈಯನ್ನು ಉಳಿಸುತ್ತದೆ. ಸ್ಕ್ರೂ ಬಿಗಿಯುವಾಗಲೂ, ಮೃದು ಮರದ ಸಣ್ಣ ತೂತಿಗೂ ಮಧ್ಯದ ಅಂಕಿ ಸಾಕು. ಡ್ರಿಲ್ ಬಿಟ್ಟಿನ ಚಿತ್ರವಿರುವ ಕಡೆಗೆ ತಿರುಗಿಸಿದರೆ ಈ ರಕ್ಷಣೆ ಇರುವುದಿಲ್ಲ. ದಪ್ಪ ಬಿಟ್ ಹಾಕಿದಾಗ ನಿಧಾನದ ಗೇರ್, ಅಂದರೆ 1, ಇಟ್ಟುಕೊಂಡು ಎರಡೂ ಕೈಗಳಿಂದ ಹಿಡಿಯಿರಿ. ಮೊಂಡ ಬಿಟ್ಟನ್ನು ಬಲಹಾಕಿ ಒತ್ತುವುದಕ್ಕಿಂತ ಹೊಸದು ತರುವುದು ಲಾಭ.

ಬಿಟ್ ಬದಲಾಯಿಸುವ ಮುನ್ನ ಬ್ಯಾಟರಿಯನ್ನು ಕಳಚಿಡಿ. ಕೆಲವರು ಚಕ್ಕನ್ನು ಮುಷ್ಟಿಯಲ್ಲಿ ಹಿಡಿದು ಗುಂಡಿ ಒತ್ತಿ ಬಿಗಿಮಾಡುತ್ತಾರೆ. ನೋಡುವುದಕ್ಕೆ ಚುರುಕಾಗಿ ಕಾಣುತ್ತದೆ, ಅಂಗೈಯ ಚರ್ಮ ಸುಲಿಯುವುದು ಹಾಗೆಯೇ. ಕೆಲಸದ ಮಧ್ಯೆ ಮಗು ಅತ್ತಿತೆಂದು ಏಳುವಾಗ ಹಿಂದೆ-ಮುಂದೆ ತಿರುಗಿಸುವ ಬಟನ್ನನ್ನು ನಡುವೆ ನಿಲ್ಲಿಸಿದರೆ ಗುಂಡಿ ಒತ್ತಲು ಬರುವುದಿಲ್ಲ. ಆದರೂ ಬ್ಯಾಟರಿ ತೆಗೆದು ಎತ್ತರದ ಕಪಾಟಿನಲ್ಲಿಡುವುದೇ ನಂಬಿಕೆಯ ದಾರಿ. ಮಕ್ಕಳಿಗೆ ಆ ನಡುವಿನ ಬಟನ್ನಿನ ಗುಟ್ಟು ಒಂದೇ ದಿನದಲ್ಲಿ ತಿಳಿದುಹೋಗುತ್ತದೆ.

ಕಣ್ಣಿಗೆ ಪಕ್ಕದಲ್ಲೂ ಮುಚ್ಚಿರುವ ಕನ್ನಡಕ ಬೇಕು. ಓದುವ ಕನ್ನಡಕ ಸಾಲದು. ಮರದ ಪುಡಿಯನ್ನೂ ಹಗುರವಾಗಿ ತೆಗೆದುಕೊಳ್ಳಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1995ರಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ವರ್ಷಗಟ್ಟಲೆ ಧೂಳು ಉಸಿರಾಡುವವರಿಗೆ ಇದು ಮುಖ್ಯ. ಮೂಗಿಗೆ ಒಳ್ಳೆಯ ಮಾಸ್ಕ್ ಹಾಕಿ, ಕಿಟಕಿ ತೆರೆದಿಟ್ಟು, ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಪೊರಕೆಯಿಂದ ಗುಡಿಸಿದರೆ ಧೂಳು ಮತ್ತೆ ಗಾಳಿಗೆ ಏರುತ್ತದೆ.

ಗೋಡೆಯೊಳಗಿನ ವೈರ್

ಪರದೆ, ಗಡಿಯಾರ, ಕಪಾಟು ಎಂದು ಗೋಡೆ ಕೊರೆಯುವವರಿಗೆ ಬೇರೆ ಮಾತು. ಡ್ರಿಲ್ಲಿಗೆ ವೈರ್ ಇಲ್ಲದಿದ್ದರೂ ಗೋಡೆಯೊಳಗೆ 230 ವೋಲ್ಟಿನ ವೈರ್ ಇದೆ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಮತ್ತು ಅದರ ಸಾಲಿನಲ್ಲಿ ಅಡ್ಡಡ್ಡ ವೈರ್ ಹೋಗಿರುವ ಸಾಧ್ಯತೆ ಹೆಚ್ಚು. ಅಲ್ಲಿ ತೂತು ಬೇಡ. ನಲ್ಲಿಯ ಮೇಲೂ ಕೆಳಗೂ ಹಾಗೆಯೇ. ಬ್ಯಾಟರಿ ಡ್ರಿಲ್ಲಿನ ನಿಜವಾದ ಉಪಕಾರ ಇಲ್ಲಿದೆ. ಮನೆಯ ಮೈನ್ ಸ್ವಿಚ್ ಆರಿಸಿಯೂ ಕೆಲಸ ಮಾಡಬಹುದು. ವೈರಿನ ಡ್ರಿಲ್ಲಿನಲ್ಲಿ ಆ ಅನುಕೂಲ ಎಲ್ಲಿತ್ತು? ಹಗಲು ಬೆಳಕಿನಲ್ಲಿ ಮೈನ್ ಆರಿಸಿ, ಅಲುಗಾಡದ ಏಣಿಯ ಮೇಲೆ ನಿಂತು ಕೊರೆಯಿರಿ. ಕುರ್ಚಿಯ ಮೇಲೆ ಸ್ಟೂಲ್ ಇಟ್ಟು ಹತ್ತುವ ಸಾಹಸ ಬೇಡ. ಕಾಂಕ್ರೀಟ್ ಗೋಡೆಗೆ ಸಾಧಾರಣ ಡ್ರಿಲ್ ಸಾಲದು, ಹ್ಯಾಮರ್ ಇರುವ ಮಿಷನ್ ಮತ್ತು ಗೋಡೆಯ ಬಿಟ್ ಬೇಕು. ಮರದ ಬಿಟ್ಟಿನಲ್ಲಿ ಗೋಡೆ ಒತ್ತುತ್ತಾ ನಿಂತವರ ತೋಳೂ ಬ್ಯಾಟರಿಯೂ ದಣಿಯುತ್ತವೆ, ತೂತು ಮಾತ್ರ ಆಗುವುದಿಲ್ಲ.

ಬ್ಯಾಟರಿಯ ವಿಷಯ

12 ವೋಲ್ಟ್ ಎಂದು ಬರೆದ ಡ್ರಿಲ್ಲಿನ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಮೂರು ಲಿಥಿಯಂ ಸೆಲ್ ಸಾಲಾಗಿರುತ್ತವೆ, 18 ವೋಲ್ಟಿನದರಲ್ಲಿ ಐದು. ಅಂಗಡಿಯಲ್ಲೂ ಆನ್‌ಲೈನಿನಲ್ಲೂ '48', '88' ಎಂಬ ದೊಡ್ಡ ಅಂಕಿ ಬರೆದ ಅಗ್ಗದ ಡ್ರಿಲ್ಲುಗಳು ಸಿಗುತ್ತವೆ. ಬಿಚ್ಚಿ ನೋಡಿದರೆ ಒಳಗೆ ಅದೇ ಐದು ಸೆಲ್. ಆ ಅಂಕಿ ಮಾಡೆಲಿನ ಹೆಸರೇ ಹೊರತು ಶಕ್ತಿಯ ಅಳತೆಯಲ್ಲ. ಮನೆಯ ಕೆಲಸಕ್ಕೂ ಬೊಂಬೆ ಜೋಡಣೆಗೂ ಒಳ್ಳೆಯ ಕಂಪೆನಿಯ 12 ವೋಲ್ಟ್ ಧಾರಾಳ ಸಾಕು, ಹೆಣ್ಣು ಕೈಗೆ ತೂಕವೂ ಹಗುರ.

ಲಿಥಿಯಂ ಸೆಲ್ ಕೆಟ್ಟರೆ ಬೆಂಕಿ ಹೊತ್ತಿಕೊಳ್ಳುವುದು ನಮಗೆ ಮೊಬೈಲ್ ಮತ್ತು ಬ್ಯಾಟರಿ ಸ್ಕೂಟರುಗಳಿಂದ ತಿಳಿದಿದೆ. ಬೊಂಬೆ ಕೆಲಸದ ಮನೆಯಲ್ಲಿ ಇದು ಇನ್ನಷ್ಟು ಗಂಭೀರ. ಒಂದು ಮೂಲೆಯಲ್ಲಿ ಒಣ ಸಿಪ್ಪೆ, ಇನ್ನೊಂದು ಮೂಲೆಯಲ್ಲಿ ಅರಗಿನ ಕಡ್ಡಿ. ಎರಡೂ ಬೇಗ ಉರಿಯುವಂಥವು. ಚಾರ್ಜರನ್ನು ಆ ಕೋಣೆಯಲ್ಲಿ ಇಡಲೇಬೇಡಿ. ಬರಿಯ ಸಿಮೆಂಟ್ ನೆಲದ ಮೇಲೆ, ಬಟ್ಟೆ-ಹಾಸಿಗೆಯಿಂದ ದೂರ, ಎಚ್ಚರವಿರುವ ಹೊತ್ತಿನಲ್ಲಿ ಚಾರ್ಜ್ ಮಾಡಿ. ರಾತ್ರಿ ಹಾಕಿ ಮಲಗುವ ಅಭ್ಯಾಸ ಬಿಡಿ. ಆ ಡ್ರಿಲ್ಲಿನದೇ ಚಾರ್ಜರ್ ಆಗಿರಬೇಕು, ಪಿನ್ ಹೊಂದಿತೆಂದು ಬೇರೆಯದು ಹಾಕಬಾರದು. ಕೆಲಸದಿಂದ ಬಿಸಿಯಾದ ಬ್ಯಾಟರಿಯನ್ನು ಅರ್ಧ ಗಂಟೆ ತಣಿಯಲು ಬಿಟ್ಟು ಆಮೇಲೆ ಹಾಕಿ. ಮೊಳೆ, ಸ್ಕ್ರೂ, ಬೀಗದ ಕೀ ಇರುವ ಡಬ್ಬಿಯಲ್ಲಿ ಬಿಡಿ ಬ್ಯಾಟರಿಯನ್ನು ಎಸೆದರೆ ಅದರ ಎರಡು ತುದಿಗಳಿಗೆ ಕಬ್ಬಿಣ ತಾಗಿ ಶಾರ್ಟ್ ಆಗುತ್ತದೆ. ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿಯೂ ಅದಕ್ಕೆ ಜಾಗವಲ್ಲ.

ಉಬ್ಬಿದ, ಬಿರುಕುಬಿಟ್ಟ, ವಿಚಿತ್ರ ವಾಸನೆ ಬರುವ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕದೆ ಮನೆಯ ಹೊರಗಿಡಿ. ಕಸದ ಗಾಡಿಗೂ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಹಿಂಪಡೆಯುವ ಹೊಣೆ ತಯಾರಕರ ಮೇಲಿದೆ. ಕೊಂಡ ಅಂಗಡಿಯಲ್ಲಿ ಅಥವಾ ಕಂಪೆನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಬಹುದು. ಹೊಗೆ ಬಂದರೆ ಎತ್ತಲು ಹೋಗದೆ ಮಕ್ಕಳನ್ನು ಕರೆದುಕೊಂಡು ಹೊರಬಂದು 112ಕ್ಕೆ ಫೋನ್ ಮಾಡಿ.

ಗಾಯವಾದರೆ

ಬಿಟ್ ಚುಚ್ಚಿದ ಗಾಯ ಹೊರಗೆ ಚಿಕ್ಕದಾಗಿ ಕಂಡರೂ ಒಳಗೆ ಆಳವಿರುತ್ತದೆ. ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಕೈಯನ್ನು ಎದೆಗಿಂತ ಮೇಲಕ್ಕೆ ಎತ್ತಿ. ಅರಿಶಿನ, ಕಾಫಿಪುಡಿ ತುಂಬಬೇಡಿ, ಡಾಕ್ಟರು ಅದನ್ನು ತೊಳೆದು ತೆಗೆಯಲು ಮತ್ತಷ್ಟು ನೋವು ಕೊಡಬೇಕಾಗುತ್ತದೆ. ಊದುವ ಮೊದಲೇ ಆ ಕೈಯ ಉಂಗುರ ತೆಗೆಯಿರಿ. ಬಿಟ್ ಕೈಯಲ್ಲೇ ಸಿಕ್ಕಿಕೊಂಡಿದ್ದರೆ ಹಿಮ್ಮುಖ ತಿರುಗಿಸಿ ತೆಗೆಯುವ ಪ್ರಯತ್ನ ಬೇಡ. ಬ್ಯಾಟರಿ ಕಳಚಿ, ಚಕ್ಕನ್ನು ಕೈಯಿಂದ ಸಡಿಲಿಸಿ, ಮಿಷನ್ ಬಿಡಿಸಿ, ಬಿಟ್ ಇದ್ದ ಹಾಗೆಯೇ ಆಸ್ಪತ್ರೆಗೆ ಹೋಗಿ. ಬೆರಳು ಮಡಚಲು ಬಾರದಿದ್ದರೆ ಅಥವಾ ತುದಿ ಜೋಮು ಹಿಡಿದಿದ್ದರೆ ಅದೇ ದಿನ ತೋರಿಸಬೇಕು, ನಾಳೆಗೆ ಬಿಡಬಾರದು. ಧನುರ್ವಾಯುವಿನ ಚುಚ್ಚುಮದ್ದು ಕೇಳಿ ಹಾಕಿಸಿಕೊಳ್ಳಿ.

ಕಣ್ಣಿಗೆ ಬರಿಯ ಪುಡಿ ಬಿದ್ದಿದ್ದರೆ ಉಜ್ಜದೆ ಶುದ್ಧ ನೀರಿನಲ್ಲಿ ತೊಳೆಯಿರಿ. ಚೂರು ಚುಚ್ಚಿಕೊಂಡಿದ್ದರೆ ತೊಳೆಯಲೂ ಬಾರದು, ಒತ್ತಲೂ ಬಾರದು. ಪೇಪರ್ ಲೋಟವೊಂದನ್ನು ಕಣ್ಣಿನ ಮೇಲೆ ಬೋರಲು ಹಾಕಿ ಅಂಟಿಸಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ, ಇಲ್ಲವೇ ನೇರ ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಗೆ. ಆಂಬುಲೆನ್ಸಿಗೆ 108. ಆಪರೇಷನ್ ಬೇಕಾಗಬಹುದಾದ್ದರಿಂದ ಹೋಗುವ ದಾರಿಯಲ್ಲಿ ಊಟ, ಚಹಾ ಏನನ್ನೂ ಕೊಡಬೇಡಿ.