ಪಿ-53 ಎಂಬ ಆಡಿಟರ್

ಕಾಮರ್ಸಿನವರಿಗೆ ಪ್ರೋಟೀನಿನ ಉಸಾಬರಿ ಏಕೆ ಅಂತೀರಾ? ಪಿ-53 ಮಾಡುವುದು ಆಡಿಟರ್ ಕೆಲಸವನ್ನೇ: ತಪ್ಪು ಮುಂದಿನ ಪುಟಕ್ಕೆ ಹೋಗಬಾರದು.

ನಮ್ಮ ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿ ಡಿ.ಎನ್.ಎ. ಎಂಬ ಲೆಡ್ಜರ್ ಇದೆಯಲ್ಲ, ಬಿಸಿಲಿನಿಂದಲೋ ತಂಬಾಕಿನ ಹೊಗೆಯಿಂದಲೋ ಅದು ಕೆಟ್ಟರೆ ಪಿ-53 ಕೋಶದಲ್ಲಿ ಹೆಚ್ಚುತ್ತದೆ. ಬೇರೆ ಹೊತ್ತಿನಲ್ಲಿ ಎಂ.ಡಿ.ಎಂ.-2 ಎಂಬ ಇನ್ನೊಂದು ಪ್ರೋಟೀನು ಇದನ್ನು ಹುಟ್ಟಿದ ಹಾಗೆಲ್ಲ ನಾಶಕ್ಕೆ ಕಳಿಸುತ್ತಿರುತ್ತದೆ. ಈಗ ನಾಲ್ಕು ಪಿ-53 ಒಟ್ಟಾಗಿ ಡಿ.ಎನ್.ಎ.ಯ ಗೊತ್ತಾದ ಜಾಗಗಳನ್ನು ಹಿಡಿದು, ಪಿ-21ರಂಥ ಪ್ರೋಟೀನು ತಯಾರಿಸುವ ಜೀನುಗಳನ್ನು ಚಾಲೂ ಮಾಡುತ್ತವೆ. ಕೋಶ ಒಡೆದು ಎರಡಾಗುವುದು ನಿಲ್ಲುತ್ತದೆ. ರಿಪೇರಿಗೆ ಸಮಯ ಸಿಗುತ್ತದೆ. ರಿಪೇರಿ ಆಗದಷ್ಟು ಕೆಟ್ಟಿದ್ದರೆ? ಕೋಶವೇ ಸಾಯಬೇಕು, ಅದಕ್ಕೂ ಆಜ್ಞೆ ಇದರದ್ದೇ!

ತಮಾಷೆ ನೋಡಿ, 1979ರಲ್ಲಿ ಇದು ಪತ್ತೆಯಾದ ಮೇಲೆ ಹತ್ತು ವರ್ಷ ಇದನ್ನೇ ಕ್ಯಾನ್ಸರ್ ತರುವ ಕಳ್ಳ ಅಂದುಕೊಂಡಿದ್ದರು. ಪ್ರಯೋಗಗಳಲ್ಲಿ ಬಳಸಿದ್ದು ಕೆಟ್ಟುಹೋದ ಜೀನಿನ ಪ್ರತಿಗಳನ್ನು! ಸರಿಯಾದದ್ದು ಕಾವಲುಗಾರ ಅಂತ ತಿಳಿದದ್ದು 1989ರಲ್ಲಿ.

ಇದರ 393 ಅಮೈನೋ ಆಮ್ಲಗಳ ಸರದಲ್ಲಿ 248ನೆಯದು ಡಿ.ಎನ್.ಎ.ಯನ್ನು ಮುಟ್ಟುವ ಬೆರಳಿದ್ದ ಹಾಗೆ. ಅದೊಂದು ಬದಲಾದರೂ ಹಿಡಿತ ತಪ್ಪೀತು. ಮನುಷ್ಯರ ಕ್ಯಾನ್ಸರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಕೆಟ್ಟಿರುವುದು ಈ ಪಿ-53ರ ಜೀನೇ.