ಹೊಲದ ನಾಯಿ ಮತ್ತು ಹಿಂಡಿನ ನಾಯಿ: ಕುರಿ ತರುಬುವ ಕಾಲಕ್ಕೆ ಒಕ್ಕಲಿಗನು ತಿಳಿದಿರಬೇಕಾದ ಕೆಲವು ಮಾತು

ಜೋಳದ ರಾಶಿ ಮುಗಿದು ಕಣಿಕೆ ಬಣವೆಗೆ ಏರಿತೆಂದರೆ, ಹತ್ತಿಯ ಕಟ್ಟಿಗೆ ಕಿತ್ತು ಹೊಲ ಬರಿದಾಯಿತೆಂದರೆ, ನಮ್ಮ ಮಕ್ತಲ, ಮಾಗನೂರು, ಕೃಷ್ಣಾ ಭಾಗದ ದಾರಿಗಳಲ್ಲಿ ಕುರಿ ಹಿಂಡುಗಳು ಕಾಣತೊಡಗುತ್ತವೆ. ಕೆಲವು ಗದ್ವಾಲ ಕಡೆಯಿಂದ ಹೊಳೆ ದಾಟಿ ಬರುವವು, ಕೆಲವು ರಾಯಚೂರು, ಗುರುಮಿಠಕಲ್ಲ ಸೀಮೆಯಿಂದ. ಮುಂಗಾರಿಗೆ ಮೊದಲು ನಾಲ್ಕು ರಾತ್ರಿ ಕುರಿ ತರುಬಿಸಿಕೊಂಡ ಹೊಲಕ್ಕೆ ಬೇರೆ ಗೊಬ್ಬರದ ಚಿಂತೆ ಅರ್ಧ ಕಡಿಮೆ. ಹಿಕ್ಕೆಯನ್ನು ಬಂಡಿಯಲ್ಲಿ ಹೇರಿ ತರಬಹುದು. ಉಚ್ಚೆಯನ್ನು ಹೇರಿ ತರಲಾಗದು. ಅದು ಹೊಲದಲ್ಲಿಯೇ ಇಂಗಬೇಕು. ಕುರಿಗಾರನಿಗೆ ಕಾಳೋ ರೊಕ್ಕವೋ ಕೊಟ್ಟು ಹಿಂಡನ್ನು ಕರೆಯಿಸಿಕೊಳ್ಳುವದು ಇದಕ್ಕಾಗಿಯೇ.

ಇಷ್ಟೆಲ್ಲ ವಾಚಕರಿಗೆ ಗೊತ್ತಿದ್ದದ್ದೇ. ಆದರೆ ಹಿಂಡಿನ ಸಂಗಡ ಬರುವ ನಾಯಿಗಳ ವಿಷಯವನ್ನು ಯಾರೂ ಮೊದಲು ಯೋಚಿಸುವದಿಲ್ಲ. ನಾನೂ ಯೋಚಿಸಿರಲಿಲ್ಲ.

ಮೂರು ವರುಷದ ಹಿಂದೆ ನಮ್ಮ ಹೊಲದಲ್ಲಿ ಹಿಂಡು ಕೂಡಿಸಿದ ಎರಡನೆಯ ರಾತ್ರಿ, ಬಾವಿಯ ಹತ್ತಿರ ಇರುವ ನಮ್ಮ ನಾಯಿ ಕಾಳನಿಗೂ ಕುರಿಗಾರನ ಎರಡು ನಾಯಿಗಳಿಗೂ ಜಗಳ ಬಿದ್ದಿತು. ನಾನು ಬಡಿಗೆ ಹಿಡಿದು ಓಡಿದೆ. ಹೊಡೆದಷ್ಟೂ ಅವು ಬಿಗಿಯಾಗಿ ಕಚ್ಚಿಕೊಂಡವು. ಕಡೆಗೆ ಬಡಿಗೆ ಒಗೆದು ಕಾಳನ ಕೊರಳಿಗೆ ಕೈ ಹಾಕಿದೆ. ಅವನು ಹೊರಳಿ ನನ್ನ ಮಣಿಕಟ್ಟನ್ನೇ ಹಿಡಿದ. ನನ್ನ ಕೈಯಿಂದ ದಿನಾ ರೊಟ್ಟಿ ತಿಂದವನೇ! ಅಷ್ಟರಲ್ಲಿ ಕುರಿಗಳು ಬೆದರಿ ಬಲೆ ಹರಿದುಕೊಂಡು ನೆರೆಯವರ ಶೇಂಗಾ ಹೊಲಕ್ಕೆ ನುಗ್ಗಿದವು. ಬೆಳಗಾಗುವದರೊಳಗೆ ನೆರೆಯವರಿಗೂ ಕುರಿಗಾರನಿಗೂ ಮಾತಿಗೆ ಮಾತು ಬೆಳೆದು, ಅವನು ಹಿಂಡು ಎಬ್ಬಿಸಿಕೊಂಡು ಹೋದ. ಆ ವರುಷ ನಮ್ಮ ಹತ್ತಿಯ ಅರ್ಧ ಹೊಲ ಕಪ್ಪು ಹಸುರು, ಉಳಿದರ್ಧ ತಿಳಿ ಹಳದಿ. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿ, ಇದೇನು ಮಾಸ್ತರರ ಹೊಲಕ್ಕೆ ಗೆರೆ ಎಳೆದಿದ್ದಾರೆ ಎಂದು ನಕ್ಕರು.

ಮರುವರುಷ ಇನ್ನೊಬ್ಬ ಹಿರಿಯ ಕುರಿಗಾರರು ಬಂದರು. ನಾನು ಮೊದಲೇ ಹಿಂದಿನ ಕಥೆ ಹೇಳಿದೆ. ಅವರು ಕಂಬಳಿ ಹೆಗಲಿಗೆ ಸರಿಪಡಿಸಿಕೊಂಡು ಕೇಳಿದ ಮೊದಲ ಪ್ರಶ್ನೆ, "ನಿಮ್ಮ ನಾಯಿ ಕಟ್ಟಿತ್ತೇನ್ರಿ, ಬಿಟ್ಟಿತ್ತೇನ್ರಿ?" ಎಂದು. "ಕಟ್ಟಿತ್ತು ಕಾಕಾ, ಸರಪಳಿ ಕಿತ್ತುಕೊಂಡು ಬಂತು" ಎಂದೆ. "ಹಂಗಾದ್ರ ತಪ್ಪು ನಾಯಿದಲ್ರೀ ಮಾಸ್ತರ. ಕಟ್ಟಿದ ನಾಯಿ ಎದುರು ಹೊಸಾ ನಾಯಿ ತಂದು ನಿಲ್ಲಿಸಿದ್ರ, ಅದು ಓಡಾಕೂ ಬರಂಗಿಲ್ಲ, ಮಾತಾಡಾಕೂ ಬರಂಗಿಲ್ಲ. ಮತ್ತೇನು ಮಾಡಬೇಕದು?" ಎಂದರು.

ಈ ಮಾತಿನಲ್ಲಿ ಬಹಳ ಅರ್ಥವಿದೆ. ಎರಡು ಅಪರಿಚಿತ ನಾಯಿಗಳು ಬಯಲಿನಲ್ಲಿ ಎದುರಾದರೆ ಸಾಮಾನ್ಯವಾಗಿ ಕಾದಾಡುವದಿಲ್ಲ. ಒಂದು ಓರೆಯಾಗಿ ಬರುವದು, ಇನ್ನೊಂದು ಮೋರೆ ತಿರುಗಿಸುವದು, ಹಿಂದೆ ಹೋಗಿ ಮೂಸುವದು, ಒಂದು ಸರಿದು ಹೋಗುವದು. ಇದೇ ಅವುಗಳ ಮಾತು. ಹಗ್ಗ ಬಿಗಿದು ಎದುರುಬದುರು ನಿಲ್ಲಿಸಿದಾಗ ಈ ಮಾತು ಕೆಡುವದು. ಕೊರಳು ಬಿಗಿದ ನಾಯಿ ಮುಂಗಾಲು ಎತ್ತಿ ಎದೆ ಮುಂದೆ ಮಾಡಿ ನಿಲ್ಲುವದರಿಂದ, ಎದುರಿನ ನಾಯಿಗೆ ಅದು ಮೇಲೇರಿ ಬರುವಂತೆಯೇ ಕಾಣುವದು. ಅಂಜಿಕೆಯಿಂದಾದ ಬಿಗುವು ಸಿಟ್ಟಾಗಿ ತೋರುವದು. ಶಾಲೆಗೆ ಹೊಸದಾಗಿ ಬಂದ ಹುಡುಗನನ್ನು ತರಗತಿಯ ಗಟ್ಟಿ ಹುಡುಗನ ಎದುರಿಗೆ ನಿಲ್ಲಿಸಿ "ಗೆಳೆಯರಾಗಿರಿ" ಎಂದರೆ ಆಗುತ್ತದೆಯೆ? ಇಬ್ಬರಿಗೂ ಒಂದೇ ಕೆಲಸ ಕೊಟ್ಟು ಒಂದೇ ದಿಕ್ಕಿಗೆ ನಡೆಯಿಸಬೇಕು.

ಕಾಕಾ ಮಾಡಿದ್ದೂ ಹಾಗೆಯೇ. ಹಿಂಡು ಹೊಲಕ್ಕೆ ಇಳಿಯುವ ಮೊದಲು, ಸಂಜೆ ತಂಪು ಹೊತ್ತಿನಲ್ಲಿ, ನಮ್ಮ ಹೊಲವೂ ಅಲ್ಲದ ಅವರ ಬೀಡೂ ಅಲ್ಲದ ಬಂಡಿ ದಾರಿಗೆ ಕಾಳನನ್ನು ಕರೆತರಲು ಹೇಳಿದರು. ನಾನು ಒಂದು ಅಂಚಿಗೆ, ಅವರು ತಮ್ಮ ಹಿರಿಯ ನಾಯಿಯೊಂದನ್ನೇ ಹಿಡಿದು ಇನ್ನೊಂದು ಅಂಚಿಗೆ, ನಡುವೆ ಹದಿನೈದು ಇಪ್ಪತ್ತು ಮಾರು ಬಿಟ್ಟು, ಒಂದೇ ದಿಕ್ಕಿಗೆ ನಡೆದೆವು. ಹಗ್ಗ ಸಡಿಲ. ಮಾತು ಕುರಿ, ಮಳೆ, ಧಾರಣೆಯ ಮೇಲೆ. ಬರಬರುತ್ತ ಅಂತರ ಕಡಿಮೆಯಾಯಿತು. ಹೊಳೆಯ ಕಡೆಗೆ ಹೋಗಿ ಮರಳುವಾಗ ಎರಡೂ ಒಂದೇ ಜಾಲಿಗಿಡಕ್ಕೆ ಉಚ್ಚೆ ಹೊಯ್ದವು. "ಆತು, ಪರಿಚಯ ಆತು" ಎಂದರು ಕಾಕಾ. ಎರಡನೆಯ ನಾಯಿಯನ್ನು ಮರುದಿನ ಹೀಗೆಯೇ ಬೇರೆಯಾಗಿ ಪರಿಚಯಿಸಿದರು. ಒಂದು ನಾಯಿಯ ಮೇಲೆ ಎರಡನ್ನು ಒಮ್ಮೆಗೆ ಬಿಡಬಾರದು. ಎರಡು ಕೂಡಿದರೆ ಅವಕ್ಕೆ ಧೈರ್ಯ ಹೆಚ್ಚು, ಒಂಟಿಗೆ ಅಂಜಿಕೆ ಹೆಚ್ಚು.

ಹೈದರಾಬಾದಿನ ಕೊಂಡಾಪುರದಲ್ಲಿ 2018ರಲ್ಲಿ ನಗರಪಾಲಿಕೆಯವರು ನಾಯಿಗಳಿಗಾಗಿಯೇ ಒಂದು ಉದ್ಯಾನ ಮಾಡಿದರು. ಪಟ್ಟಣದವರು ಸಾಕಿದ ನಾಯಿಗಳನ್ನು ತಂದು ಆಡಲು ಬಿಡುವ ಜಾಗ. ಅಂಥ ಕಡೆಯೂ ಬಾಗಿಲಲ್ಲಿ ಹೊಸ ನಾಯಿ ಬಂದಾಗ ಒಳಗಿನವೆಲ್ಲ ಮುಗಿಬೀಳುವದೇ ಜಗಳದ ಮೂಲ. ನಮ್ಮಲ್ಲಿ ಬಾಗಿಲೂ ಇಲ್ಲ, ಬೇಲಿಯೂ ಇಲ್ಲ. ದೂರ ಸರಿಯಲು ಬೇಕಾದಷ್ಟು ಬಯಲಿದೆ. ಇದನ್ನು ಉಪಯೋಗಿಸಿಕೊಳ್ಳದೆ ಬಾವಿಯ ಕಟ್ಟೆಗೆ ನಾಯಿ ಕಟ್ಟಿ ಕೂಡುವದು ನಮ್ಮ ದಡ್ಡತನ.

ಜಗಳ ಬರುವ ಮುನ್ನ ನಾಯಿ ಸೂಚನೆ ಕೊಡುತ್ತದೆ. ಬೊಗಳುವ ನಾಯಿಗಿಂತ ಒಮ್ಮೆಗೇ ಸುಮ್ಮನಾಗಿ ಮೈ ಕಟ್ಟಿಗೆಯಂತೆ ಸೆಟೆದು ನಿಂತ ನಾಯಿಯ ಮೇಲೆ ಲಕ್ಷ್ಯವಿರಲಿ. ಬಾಲ ಮೇಲೆತ್ತಿ ತುದಿಯಷ್ಟೇ ಬಿರುಸಾಗಿ ಅಲುಗಿಸುವದು, ರೆಪ್ಪೆ ಬಡಿಯದೆ ದಿಟ್ಟಿಸುವದು, ಬೆನ್ನಿನ ಕೂದಲು ನಿಮಿರುವದು, ತುಟಿ ಎಳೆದು ಹಲ್ಲು ತೋರುವದು, ಇವು ಒಂದರ ಹಿಂದೊಂದು ಬಂದರೆ ಕೂಡಲೆ ಹೆಸರು ಹಿಡಿದು ಕರೆದು ಬೇರೆ ಕಡೆಗೆ ನಡೆಯಬೇಕು. ಬಾಲ ಅಲ್ಲಾಡಿತೆಂದರೆ ಸ್ನೇಹವೆಂದೇ ತಿಳಿಯಬಾರದು. ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಎತ್ತಿ ಕುಣಿದರೆ ಮಾತ್ರ ಅದು ಆಟ. ಗುರುಗುಟ್ಟಿದ್ದಕ್ಕೆ ಹೊಡೆಯಲೂ ಬಾರದು. ಗುರುಗುಟ್ಟಿದರೆ ಪೆಟ್ಟು ಬೀಳುವದೆಂದು ಕಲಿತ ನಾಯಿ, ಮುಂದೆ ಗುರುಗುಟ್ಟದೆಯೇ ಕಚ್ಚುವದು.

ಇಷ್ಟಾಗಿಯೂ ಜಗಳ ಬಿದ್ದರೆ? ಬಡಿಗೆ ಬೇಡ, ಕೂಗಾಟ ಬೇಡ, ನಡುವೆ ಕೈಯಂತೂ ಬೇಡವೇ ಬೇಡ. ಕೊಡ ನೀರು ಮೋರೆಗೆ ಒಗೆಯಿರಿ. ನೀರಿಲ್ಲದಿದ್ದರೆ ಕಂಬಳಿಯನ್ನು ತಲೆಗಳ ಮೇಲೆ ಬೀಸಿ ಹಾಕಿರಿ. ಕಣ್ಣಿಗೆ ಕತ್ತಲಾದರೆ ಹಿಡಿತ ಸಡಿಲವಾಗುವದುಂಟು. ಇಬ್ಬರು ದೊಡ್ಡವರಿದ್ದರೆ, ಒಬ್ಬೊಬ್ಬರು ಒಂದೊಂದು ನಾಯಿಯ ಹಿಂಗಾಲುಗಳನ್ನು ತೊಡೆಯ ಹತ್ತಿರ ಹಿಡಿದೆತ್ತಿ, ತಳ್ಳುಬಂಡಿಯನ್ನು ಹಿಂದಕ್ಕೆ ಎಳೆವಂತೆ ಸುತ್ತು ತಿರುಗುತ್ತ ಹಿಂದೆ ಸರಿಯಬೇಕು. ಆದರೆ ಒಂದು ಇನ್ನೂ ಕಚ್ಚಿ ಹಿಡಿದಿರುವಾಗ ಎಳೆದರೆ ಮಾಂಸ ಹರಿಯುವದು. ಬಾಯಿ ಬಿಡುವ ತನಕ ಹಿಡಿದು ನಿಲ್ಲಬೇಕು. ಒಬ್ಬರೇ ಇದ್ದರೆ ಇದಕ್ಕೆ ಹೋಗಬಾರದು. ಮಕ್ಕಳನ್ನು ಮೊದಲು ದೂರ ಕಳಿಸಬೇಕು. ತೋಳದ ಭಯಕ್ಕೆ ಕೆಲವು ಕುರಿಗಾರರು ತಮ್ಮ ನಾಯಿಗಳ ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟಿರುತ್ತಾರೆ. ಕೊರಳಿಗೆ ಕೈ ಹಾಕಿದವನ ಅಂಗೈ ಅದರಿಂದಲೇ ಹರಿಯುವದು.

ಜಗಳದ ಕಾರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಾವೇ ಹಾಕಿಕೊಟ್ಟವು. ಒಂದೇ ಕಡೆ ರೊಟ್ಟಿ, ಅಂಬಲಿ ಸುರಿಯುವದು ಒಂದು. ಬೇರೆ ಬೇರೆ ಕಡೆ, ಒಂದಕ್ಕೊಂದು ಕಾಣದಂತೆ ಹಾಕಬೇಕು. ಬೆದೆಗೆ ಬಂದ ಹೆಣ್ಣು ನಾಯಿ ಇನ್ನೊಂದು. ಬೆದೆ ಸುಮಾರು ಮೂರು ವಾರ ಇರುವದು. ಆ ದಿನಗಳಲ್ಲಿ ಅದನ್ನು ಊರ ಮನೆಯಲ್ಲಿ ಇಟ್ಟು ಬರುವದು ಲೇಸು. ಎಲ್ಲಕ್ಕೂ ಕೆಟ್ಟದ್ದು ಸತ್ತ ಕುರಿಯನ್ನು, ಕೊಯ್ದ ಕುರಿಯ ತಲೆ ಕರುಳನ್ನು ಬದುವಿಗೆ ಎಸೆಯುವದು. ಅದರ ವಾಸನೆಗೆ ಊರ ನಾಯಿಗಳೆಲ್ಲ ಹೊಲಕ್ಕೆ ಬರುವವು. ಇದರಲ್ಲಿ ಇನ್ನೊಂದು ಕೇಡಿದೆ. ಕುರಿಯ ಮೆದುಳಿನಲ್ಲಿ ನೀರುಗುಳ್ಳೆಯಾಗಿ ಬೆಳೆದು, ಕುರಿ ಒಂದೇ ಕಡೆಗೆ ಸುತ್ತುತ್ತ ಸಾಯುವ ಬೇನೆಯನ್ನು ಕುರಿಗಾರರೆಲ್ಲ ಕಂಡಿದ್ದಾರೆ. ಆ ಗುಳ್ಳೆ ನಾಯಿಯ ಹೊಟ್ಟೆಯ ಲಾಡಿಹುಳದ ಮರಿ. ಅಂಥ ಕುರಿಯ ತಲೆ ತಿಂದ ನಾಯಿಯ ಹೊಟ್ಟೆಯಲ್ಲಿ ಹುಳ ಬೆಳೆದು, ಅದರ ತತ್ತಿ ಮಲದ ಮೂಲಕ ಹುಲ್ಲಿಗೆ ಬಿದ್ದು, ಮತ್ತೆ ಕುರಿಯ ಹೊಟ್ಟೆ ಸೇರುವದು. ತಲೆಯನ್ನು ಆಳವಾಗಿ ಹೂಳಿದರೆ ಜಗಳವೂ ತಪ್ಪಿತು, ಬೇನೆಯೂ ತಪ್ಪಿತು. ನಾಯಿಗಳಿಗೆ ಪಶು ವೈದ್ಯರು ಹೇಳಿದಂತೆ ಹುಳದ ಔಷಧಿ ಕೊಡುತ್ತಿರಬೇಕು.

ಈಗ ನನ್ನ ಮಣಿಕಟ್ಟಿನ ಮಾತು. ಮನೆಯ ನಾಯಿಯೇ ಅಲ್ಲವೆ ಎಂದು ಅರಿಶಿಣ ಮೆತ್ತಿ ಸುಮ್ಮನಿರಲು ನೋಡಿದೆ. ನಮ್ಮ ಮನೆಯವರು ಬಿಡಲಿಲ್ಲ. ಅವರು ಹಟ ಹಿಡಿದದ್ದೇ ಸರಿ. ಕಾಳನಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ್ದು ಹೋದ ವರುಷವೋ ಅದರ ಹಿಂದಿನ ವರುಷವೋ ನನಗೆ ನೆನಪಿರಲಿಲ್ಲ. ಹಿಂಡಿನ ನಾಯಿಗಳಿಗೆ ಹಾಕಿಸಿದ್ದಾರೋ ಇಲ್ಲವೋ ಕೇಳಿರಲಿಲ್ಲ. ಕಾಳನ ಬಾಯಲ್ಲಿ ಅವುಗಳ ಜೊಲ್ಲೂ ಇತ್ತಲ್ಲ! ಈ ರೋಗ ತೋರಿಕೊಂಡ ಮೇಲೆ ಮನುಷ್ಯ ಉಳಿಯುವದು ಇಲ್ಲವೆಂದೇ ಹೇಳಬೇಕು. ತೋರುವ ಮುನ್ನ ಚುಚ್ಚುಮದ್ದು ತೆಗೆದುಕೊಂಡರೆ ಬರುವದಿಲ್ಲ. ಕಚ್ಚಿದ ಕೂಡಲೆ ಗಾಯವನ್ನು ಸಾಬೂನು ಹಚ್ಚಿ ಹರಿವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಪಂಪಿನ ನೀರೇ ಸಾಕು. ಸುಣ್ಣ, ಖಾರದ ಪುಡಿ, ಅರಿಶಿಣ ಯಾವದೂ ಬೇಡ. ಆ ದಿನವೇ ಸರಕಾರಿ ದವಾಖಾನೆಗೆ ಹೋಗಬೇಕು. ಚರ್ಮದಲ್ಲಿ ಚುಚ್ಚುವದಾದರೆ ಮೊದಲ ದಿನ, ಅಲ್ಲಿಂದ 3, 7 ಮತ್ತು 28ನೆಯ ದಿನ. ದಂಡೆಯ ಸ್ನಾಯುವಿಗಾದರೆ 14ನೆಯ ದಿನವೂ ಒಂದು. ರಕ್ತ ಬಂದ ಗಾಯವಿದ್ದರೆ ಗಾಯದ ಸುತ್ತಲೂ ಬೇರೊಂದು ಮದ್ದು ಚುಚ್ಚುತ್ತಾರೆ. ಅದನ್ನು ಕೇಳಿ ಹಾಕಿಸಿಕೊಳ್ಳಬೇಕು. ಕಚ್ಚಿದ ನಾಯಿಯ ಮೇಲೆ 10 ದಿನ ಕಣ್ಣಿಡುವದು ಸರಿ, ಆದರೆ ಆ ಹತ್ತು ದಿನ ಕಾದು ಆಮೇಲೆ ದವಾಖಾನೆಗೆ ಹೋದೇನೆಂಬುದು ತಪ್ಪು. ಕಡಿಸಿಕೊಂಡ ನಾಯಿ, ಕುರಿ, ಎತ್ತುಗಳನ್ನೂ ಪಶು ವೈದ್ಯರಿಗೆ ತೋರಿಸಬೇಕು.

ನಾಯಿ ಮರಿಗೆ 3 ತಿಂಗಳಾದಾಗ ಮೊದಲ ಲಸಿಕೆ, ವೈದ್ಯರು ಹೇಳಿದ ದಿನ ಮತ್ತೊಂದು, ಬಳಿಕ ವರುಷಕ್ಕೊಮ್ಮೆ. 2017ರ ಜೂನಿನಲ್ಲಿ ತೆಲಂಗಾಣ ಸರಕಾರ ಗೊಲ್ಲ ಕುರುಬರಿಗೆ 20 ಕುರಿ ಮತ್ತು 1 ಟಗರಿನ ಹಿಂಡನ್ನು ನೂರಕ್ಕೆ 75ರಷ್ಟು ರಿಯಾಯಿತಿಯಲ್ಲಿ ಹಂಚತೊಡಗಿದಾಗ ಕುರಿಯ ಲೆಕ್ಕ, ಕುರಿಯ ವಿಮೆ ಎಲ್ಲವೂ ಇತ್ತು. ಹಿಂಡಿನ ಹಿಂದೆ ಬರುವ ನಾಯಿಯ ಲೆಕ್ಕ ಇಡುವವರು ನಾವೇ. ನಾನು ಈಗ ಲಸಿಕೆಯ ತಾರೀಖನ್ನು ಶಾಲೆಯ ಹಾಜರಿಯಂತೆ ಗೋಡೆಯ ಮೇಲೆ ಬರೆದಿಡುತ್ತೇನೆ.

ಹಿಂಡು ಕರೆಯಿಸುವಾಗ ಕುರಿಗಾರನೊಡನೆ ಎಷ್ಟು ರಾತ್ರಿ, ಎಷ್ಟು ಕಾಳು ಎಂದು ಮಾತನಾಡುತ್ತೇವೆ. ಅದರ ಜತೆಗೆ ಮೂರು ಮಾತು ಕೇಳಿರಿ: ನಾಯಿ ಎಷ್ಟು, ಲಸಿಕೆ ಆಗಿದೆಯೇ, ಬೆದೆಯ ಹೆಣ್ಣು ಇದೆಯೇ. ನಿಮ್ಮ ನಾಯಿಯ ವಿಷಯವನ್ನೂ ಅಷ್ಟೇ ನೇರವಾಗಿ ಹೇಳಿರಿ. ಗಾಯವಾದರೆ ಮದ್ದಿನ ಖರ್ಚು ಯಾರದೆಂಬುದೂ ಮೊದಲೇ ತೀರಲಿ. ನಾವು ಅರ್ಧರ್ಧ ಎಂದು ಮಾಡಿಕೊಂಡೆವು. ಆ ಖರ್ಚು ಬರಲೇ ಇಲ್ಲ. ಕಾಕಾ ಐದು ರಾತ್ರಿ ಇದ್ದರು. ಮೂರನೆಯ ರಾತ್ರಿಯಿಂದ ಕಾಳ ಬಾವಿ ಬಿಟ್ಟು ಬಲೆಯ ಮೂಡಣ ಮೂಲೆಯಲ್ಲಿ ಮಲಗತೊಡಗಿದ. ಹಿಂಡು ಎದ್ದು ನಾರಾಯಣಪೇಟೆಯ ದಾರಿ ಹಿಡಿದ ದಿನ ಎರಡು ಹರದಾರಿ ಅವರ ಹಿಂದೆ ಹೋಗಿ, ಸಂಜೆಗೆ ತಿರುಗಿ ಬಂದ.