ಮೋಡದಲ್ಲಿಟ್ಟ ಲೆಕ್ಕ ಎಲ್ಲಿರುತ್ತದೆ?

2019ರ ಏಪ್ರಿಲ್ ಕೊನೆಯ ಒಂದು ಸಂಜೆ. ಗುಡುಗು ಶುರುವಾದಾಗ ನಾನು ತೋಟದಲ್ಲಿದ್ದೆ. ಮನೆಗೆ ಓಡಿ ಬಂದು ಪ್ಲಗ್ ಕೀಳುವಷ್ಟರಲ್ಲಿ ಸಿಡಿಲು ತನ್ನ ಕೆಲಸ ಮುಗಿಸಿತ್ತು. ಟಿವಿ, ಪಂಪಿನ ಸ್ಟಾರ್ಟರ್, ಕಂಪ್ಯೂಟರ್ ಮೂರೂ ಹೋದವು. ಮೊದಲಿನ ಎರಡು ದುಡ್ಡು ಕೊಟ್ಟರೆ ಹೊಸತು ಬಂದವು. ಕಂಪ್ಯೂಟರಿನೊಳಗಿದ್ದ ನಮ್ಮ ನರ್ಸರಿಯ ಮೂರು ವರ್ಷದ ಲೆಕ್ಕ ಬರಲಿಲ್ಲ. 'ಇನ್ನೊಂದು ಪ್ರತಿ ಇಟ್ಟಿಲ್ವಾ?' ಅಂತ ರಿಪೇರಿಯವರು ಕೇಳಿದರು. ಇಟ್ಟಿದ್ದೆ, ಪೆನ್‌ಡ್ರೈವಿನಲ್ಲಿ. ಅದು ಅದೇ ಕಂಪ್ಯೂಟರಿಗೆ ಸಿಕ್ಕಿಸಿಯೇ ಇತ್ತು!

ಜೂನ್‌ನಲ್ಲಿ ಕಸಿ ಗಿಡಕ್ಕೆ ಮುಂಗಡ ಕೊಟ್ಟವರು ಒಬ್ಬೊಬ್ಬರೇ ಬಂದರು. ರಶೀದಿ ಇದ್ದವರದ್ದು ಸರಿ. ಇಲ್ಲದವರ ಮಾತು ನಂಬಿ ಗಿಡ ಕೊಟ್ಟೆ. ಯಾರೂ ಮೋಸ ಮಾಡಿರಲಿಕ್ಕಿಲ್ಲ. ಆದರೂ ಆ ಮಳೆಗಾಲ ನನಗೆ ಸರಿಯಾಗಿ ನಿದ್ದೆ ಬಂದದ್ದಿಲ್ಲ.

ಬೆಂಗಳೂರಿನಲ್ಲಿರುವ ತಮ್ಮನ ಮಗ 'ದೊಡ್ಡಪ್ಪ, ಲೆಕ್ಕ ಕ್ಲೌಡಿಗೆ ಹಾಕಿ' ಎಂದ. ಕ್ಲೌಡ್ ಅಂದರೆ ಮೋಡ. ಹಾಗಂತ ಆಕಾಶದಲ್ಲಿ ಎಂತದೂ ಇಲ್ಲ. ದೊಡ್ಡ ಕಟ್ಟಡ, ಅದರೊಳಗೆ ಸಾವಿರಾರು ಕಂಪ್ಯೂಟರ್, ಎಸಿ, ಜನರೇಟರ್, ಕಾವಲು. ಅದನ್ನು ಇಂಟರ್ನೆಟ್ ಮೂಲಕ ನಮಗೆ ಬಾಡಿಗೆಗೆ ಕೊಡುತ್ತಾರೆ. ಅಮೆಜಾನ್ ಈ ವ್ಯಾಪಾರ ಶುರು ಮಾಡಿದ್ದು 2006ರಲ್ಲಿ. ಅವರ ಇಂಥ ಕೇಂದ್ರಗಳು 2016ರಲ್ಲಿ ಮುಂಬಯಿಗೆ, 2022ರಲ್ಲಿ ಹೈದರಾಬಾದಿಗೆ ಬಂದವು.

ನಾವೆಲ್ಲ ಜೆಸಿಬಿ ಕೊಂಡಿದ್ದೇವೆಯೇ? ಬೇಕಾದಾಗ ಗಂಟೆ ಲೆಕ್ಕದಲ್ಲಿ ಕರೆಸುತ್ತೇವೆ. ಇದೂ ಹಾಗೆಯೇ. ದೀಪಾವಳಿ ವ್ಯಾಪಾರಕ್ಕೆ ಹತ್ತು ಪಟ್ಟು ಗಿರಾಕಿ ಬರುವ ಕಂಪೆನಿ ಆ ವಾರಕ್ಕೆ ಮಾತ್ರ ಹೆಚ್ಚು ಕಂಪ್ಯೂಟರ್ ಬಾಡಿಗೆಗೆ ಹಿಡಿದು ಮತ್ತೆ ಬಿಟ್ಟುಬಿಡುತ್ತದೆ. ಬಿಡಲು ಮರೆತರೆ ಮೀಟರ್ ಓಡುತ್ತಲೇ ಇರುತ್ತದೆ, ಜಾಗ್ರತೆ. ಕೆಲವರು ಬರೀ ಕಂಪ್ಯೂಟರಿನ ಶಕ್ತಿಯನ್ನು ಬಾಡಿಗೆಗೆ ಪಡೆಯುತ್ತಾರೆ, ಕೆಲವರು ತಮ್ಮ ತಂತ್ರಾಂಶ ಕಟ್ಟಲು ಸಿದ್ಧಮಾಡಿದ ಜಾಗ. ನಮ್ಮಂಥವರಿಗೆ ಮೂರನೆಯ ಬಗೆ ಸಾಕು: ತಯಾರಾದ ತಂತ್ರಾಂಶ, ತೆರೆದು ಬರೆದರಾಯಿತು.

ನಾನು ಬಳಸುವುದು ಗೂಗಲ್ ಶೀಟ್ಸ್. ಗೂಗಲ್ ಖಾತೆಯೊಂದಕ್ಕೆ 15 ಜಿಬಿ ಜಾಗ ಪುಕ್ಕಟೆ. ಮೈಲು, ಫೋಟೋ ಎಲ್ಲ ಸೇರಿ ಅಷ್ಟು. ನರ್ಸರಿ ಲೆಕ್ಕ ಅದರ ಒಂದು ಮೂಲೆಯನ್ನೂ ತುಂಬುವುದಿಲ್ಲ. ಸೊಸೆ ಗಿಡ ಕೊಡುವಲ್ಲೇ ಮೊಬೈಲಿನಲ್ಲಿ ಬರೆಯುತ್ತಾಳೆ, ನಾನು ಮನೆಯಲ್ಲಿ ಕೂತು ನೋಡುತ್ತೇನೆ. ಒಮ್ಮೆ ನಾನೇ ಮುಂಗಡದ ಕಾಲಂ ಪೂರ್ತಿ ಅಳಿಸಿಬಿಟ್ಟೆ. ಹಿಂದಿನ ದಿನದ ಪ್ರತಿ ಅದರಲ್ಲೇ ಇತ್ತು, ವಾಪಸ್ ತಂದುಕೊಂಡೆವು. ಮಳೆಗಾಲದಲ್ಲಿ ನೆಟ್‌ವರ್ಕ್ ಇಲ್ಲದಾಗ ಏನು ಗತಿ ಎಂಬ ಪ್ರಶ್ನೆ ನನಗೂ ಇತ್ತು. ಆಫ್‌ಲೈನ್ ವ್ಯವಸ್ಥೆ ಮೊದಲೇ ಮಾಡಿಟ್ಟರೆ ಆಗಲೂ ಬರೆಯಬಹುದು, ನೆಟ್‌ವರ್ಕ್ ಬಂದಾಗ ಮೇಲೆ ಹೋಗುತ್ತದೆ. ಅಲ್ಲಿವರೆಗೆ ಅದು ಇರುವುದು ನಿಮ್ಮ ಮೊಬೈಲಿನಲ್ಲಿ ಮಾತ್ರ.

ಇಷ್ಟಾದ ಮೇಲೆ ನಿಶ್ಚಿಂತೆಯೇ? ಅಲ್ಲ ಮಾರಾಯ್ರೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪೆನಿಯ ಇಂಥದೇ ಒಂದು ಕಟ್ಟಡ ಸುಟ್ಟುಹೋಯಿತು. ಬೇರೆ ಕಡೆ ಪ್ರತಿ ಇಡದ ಗಿರಾಕಿಗಳ ಕಡತ ಬೂದಿಯಾಯಿತು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯದ್ದು ಇನ್ನೊಂದು ಕತೆ. ಗೂಗಲ್‌ನವರದೇ ತಪ್ಪಿನಿಂದ ಅದರ ಕ್ಲೌಡ್ ಖಾತೆ ಅಳಿಸಿಹೋಯಿತು. ಸದಸ್ಯರು 6 ಲಕ್ಷಕ್ಕೂ ಹೆಚ್ಚು. ಬೇರೊಂದು ಕಂಪೆನಿಯಲ್ಲೂ ಪ್ರತಿ ಇಟ್ಟಿದ್ದದ್ದು ಅವರ ಸಹಾಯಕ್ಕೆ ಬಂತು. ಎರಡು ವರ್ಷ ಮುಟ್ಟದೇ ಬಿಟ್ಟ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಬಹುದು ಎಂಬ ನಿಯಮವೂ ಇದೆ.

ಹಾಗಾಗಿ ಬಾಡಿಗೆ ಗೋದಾಮಿನಲ್ಲಿಟ್ಟ ಅಡಿಕೆಯನ್ನು ಆಗಾಗ ಹೋಗಿ ನೋಡಿದಂತೆ ಇದನ್ನೂ ನೋಡಿಕೊಳ್ಳುತ್ತೇನೆ. ಪಾಸ್‌ವರ್ಡ್ ಜತೆಗೆ ಮೊಬೈಲಿನಲ್ಲೂ ಒಪ್ಪಿಗೆ ಕೇಳುವಂತೆ ಮಾಡಿಸಿದ್ದೇನೆ. ಖಾತೆ ನನ್ನ ಹೆಸರಿನಲ್ಲಿದ್ದರೂ ಗುಟ್ಟು ಮಗನಿಗೂ ಗೊತ್ತು. ನಾಳೆ ನಾನು ಇಲ್ಲದಿದ್ದರೆ ಲೆಕ್ಕ ಸಿಗಬೇಕಲ್ಲ. ತಿಂಗಳ ಒಂದನೇ ತಾರೀಕು ಪೂರ್ತಿ ಲೆಕ್ಕವನ್ನು ಪೆನ್‌ಡ್ರೈವಿಗೆ ಇಳಿಸುತ್ತೇನೆ. ಪೆನ್‌ಡ್ರೈವ್ ಈಗ ಇರುವುದು ತಮ್ಮನ ಮನೆಯ ಕಪಾಟಿನಲ್ಲಿ. ನಮ್ಮ ಮನೆಯಿಂದ ಅಲ್ಲಿಗೆ ಎರಡು ಫರ್ಲಾಂಗು.